86 ಗಂಟೆಗಳ ಸಿಂಗಪುರ

ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ಎಲ್ಲ ಮನೆಗಳಲ್ಲೂ ಏಳುವ ಪ್ರಶ್ನೆ ಒಂದೇ: ಈ ರಜೆಗೆ ಎಲ್ಲಿಗೆ? ಒಂದು ಕಾಲಕ್ಕೆ ಇದಕ್ಕೆ ಉತ್ತರ ಹುಡುಕಬೇಕಾಗಿರಲಿಲ್ಲ. ಅಜ್ಜಿಯ ಊರು, ಇಲ್ಲವೇ ಸೋದರಮಾವನ ಮನೆ. ಬಹಳವೆಂದರೆ ಮೈಸೂರು, ಊಟಿ. ಈಗ ಮಧ್ಯಮ ವರ್ಗದ ಮನೆಗಳಲ್ಲೂ ವಿದೇಶದ ಮಾತು ಕೇಳಿಬರುತ್ತಿದೆ. ತಿಂಗಳುಗಟ್ಟಲೆಯ ಪ್ರವಾಸವಲ್ಲ, ಮೂರು ನಾಲ್ಕು ದಿನ, ಒಂದೇ ನಗರ, ಹೋಗಿ ಬಂದುಬಿಡುವುದು. ಬೆಂಗಳೂರಿನಿಂದ ಹಾಗೆ ಹೊರಡುವವರ ಪಟ್ಟಿಯಲ್ಲಿ ಸಿಂಗಪುರದ ಹೆಸರು ಮೇಲೆಯೇ ಇರುತ್ತದೆ. ದೂರ ಸುಮಾರು 3,200 ಕಿಲೋಮೀಟರ್, ನೇರ ವಿಮಾನದಲ್ಲಿ ಹೆಚ್ಚುಕಡಿಮೆ ನಾಲ್ಕೂವರೆ ಗಂಟೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಇಂಥ ಪ್ರವಾಸಕ್ಕೆ ಸಿದ್ಧವಾಗುತ್ತಿರುವ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆಗೆ ಬ್ಯಾಂಕಿನಲ್ಲಿ ಕೆಲಸ, ತಾಯಿ ಶಾಲಾ ಶಿಕ್ಷಕಿ. ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿದ್ದಾಳೆ. ಮಗ ಐದನೆಯ ತರಗತಿ ಮುಗಿಸಿದ್ದಾನೆ. ಮಂಡಿನೋವಿನ ಅಜ್ಜಿ ಮನೆಯಲ್ಲೇ ಉಳಿಯುವವರು. ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಈ ಒಂದು ಪ್ರವಾಸಕ್ಕೆ ಖರ್ಚಾಗಲಿದೆ. ಇನ್ನೊಂದು ಸಲ ಹೋಗುವ ಮಾತು ಸದ್ಯಕ್ಕಿಲ್ಲ. ಆದ್ದರಿಂದ ಏನನ್ನೂ ಬಿಡಬಾರದು ಎಂಬುದು ತಂದೆಯ ಆಸೆ. ಅವರ ಕೈಯಲ್ಲಿ ಪ್ರವಾಸ ಸಂಸ್ಥೆಯೊಂದರ ಬಣ್ಣಬಣ್ಣದ ಹಾಳೆ ಇದೆ: ‘ಮೂರು ರಾತ್ರಿ, ನಾಲ್ಕು ಹಗಲು, 14 ಸ್ಥಳಗಳು.’

“ಹದಿನಾಲ್ಕು ಸ್ಥಳ ನೋಡೋಕೆ ಹೊತ್ತೆಲ್ಲಿದೆ ರೀ?” ಎಂದರು ತಾಯಿ.

“ನಾಲ್ಕು ದಿನ ಇದೆಯಲ್ಲೇ!” ಎಂದರು ತಂದೆ.

ಮಗಳು ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತಿರುವಿ, ಅದರ ಹಿಂಬದಿಯಲ್ಲಿ ಲೆಕ್ಕ ಬರೆಯಲು ತಮ್ಮನ ಕೈಗೆ ಕೊಟ್ಟಳು. “ನೀನು ಕಳೀತಾ ಹೋಗು ಕಣೋ, ನಾನು ಹೇಳ್ತೀನಿ” ಎಂದಳು.

ಕಳೆಯುವ ಲೆಕ್ಕ

ಈ ಲೆಕ್ಕ ಪ್ರತಿಯೊಂದು ಮನೆಯಲ್ಲೂ ಮಾಡಬೇಕಾದದ್ದು. ವಿಮಾನ ರಾತ್ರಿ 11ಕ್ಕೆ ಬೆಂಗಳೂರು ಬಿಟ್ಟರೆ ಸಿಂಗಪುರದಲ್ಲಿ ಇಳಿಯುವಾಗ ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ ಮೂರೂವರೆ. ಅಲ್ಲಿನ ಗಡಿಯಾರ ಎರಡೂವರೆ ಗಂಟೆ ಮುಂದಿರುವುದರಿಂದ ಅಲ್ಲಿ ಬೆಳಗ್ಗೆ 6. ಮಂಗಳವಾರ ಬೆಳಗ್ಗೆ 6ಕ್ಕೆ ಇಳಿದು ಶುಕ್ರವಾರ ರಾತ್ರಿ 8ಕ್ಕೆ ವಾಪಸು ವಿಮಾನ ಹತ್ತಿದರೆ ಸಿಂಗಪುರದ ನೆಲದ ಮೇಲೆ ಸಿಗುವುದು ಒಟ್ಟು 86 ಗಂಟೆ.

ಇನ್ನು ಕಳೆಯುತ್ತಾ ಬನ್ನಿ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ರಾತ್ರಿ ಒಂಬತ್ತು ಗಂಟೆಯಾದರೂ ನಿದ್ದೆ ಬೇಕು. ಮೂರು ರಾತ್ರಿಗೆ 27 ಗಂಟೆ, ಉಳಿದದ್ದು 59. ತಿಂಡಿ, ಊಟಕ್ಕೆ ದಿನಕ್ಕೆ ಮೂರು ಗಂಟೆಯಂತೆ 12 ಕಳೆದರೆ 47. ನಾಲ್ವರ ಸ್ನಾನ, ಬಟ್ಟೆ, ಹೊರಡುವ ಸಡಗರಕ್ಕೆ ದಿನಕ್ಕೆ ಎರಡು ಗಂಟೆಯಂತೆ 8; ಉಳಿದದ್ದು 39. ಇಳಿದ ದಿನ ವಲಸೆ ತಪಾಸಣೆ, ಲಗೇಜು, ಊರೊಳಗೆ ಬರುವುದು ಸೇರಿ 2 ಗಂಟೆ. ಹೊರಡುವ ದಿನ ಒಂದು ಗಂಟೆ ದಾರಿ, ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರುವುದು, ಒಟ್ಟು 4. ಈ ಆರನ್ನು ಕಳೆದರೆ 33. ಮೊದಲ ದಿನ ನಿದ್ದೆಗೆಟ್ಟ ಮಕ್ಕಳಿಗೆ ಮಧ್ಯಾಹ್ನ 3 ಗಂಟೆ ವಿಶ್ರಾಂತಿ ಕೊಡಲೇಬೇಕು, 30 ಉಳಿಯಿತು. ಊರೊಳಗಿನ ಓಡಾಟಕ್ಕೆ ದಿನಕ್ಕೆ ಎರಡು ಗಂಟೆಯಂತೆ 8, ಉಳಿದದ್ದು 22. ಮಳೆ, ಸಾಲಿನಲ್ಲಿ ನಿಲ್ಲುವುದು, ದಾರಿ ತಪ್ಪುವುದು, ಶೌಚಾಲಯ ಹುಡುಕುವುದು ಇವಕ್ಕೆಲ್ಲ ದಿನಕ್ಕೆ ಒಂದು ಗಂಟೆಯೆಂದರೂ 4.

ಕೊನೆಗೆ ಉಳಿದದ್ದು 18 ಗಂಟೆ.

ಹುಡುಗ ಅದನ್ನು 14ರಿಂದ ಭಾಗಿಸಿದ. ಒಂದು ಸ್ಥಳಕ್ಕೆ 77 ನಿಮಿಷ! ಬಸ್ಸಿನಿಂದ ಇಳಿದು, ಟಿಕೆಟ್ಟು ತೋರಿಸಿ, ಫೋಟೋ ತೆಗೆಸಿಕೊಂಡು, ಮತ್ತೆ ಬಸ್ಸು ಹತ್ತುವುದಕ್ಕೆ ಅಷ್ಟು ಸಾಕಾದೀತು. ನೋಡುವುದಕ್ಕೆ ಸಾಲದು. ಒಂದೊಂದು ಸ್ಥಳಕ್ಕೆ ಮೂರು ಗಂಟೆ ಕೊಡುವುದಾದರೆ ಆರು ಸ್ಥಳ ಮಾತ್ರ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ದುಡ್ಡಿಗೆ ಮಾತ್ರ ಅನ್ವಯಿಸುತ್ತೇವೆ. ಸಣ್ಣ ಪ್ರವಾಸದಲ್ಲಿ ಮೊದಲು ಮುಗಿಯುವುದು ದುಡ್ಡಲ್ಲ, ಹೊತ್ತು. ದುಡ್ಡನ್ನು ಸಾಲ ತಂದಾದರೂ ಹೊಂದಿಸಬಹುದು. ಹತ್ತೊಂಬತ್ತನೆಯ ಗಂಟೆಯನ್ನು ಯಾವ ಬ್ಯಾಂಕೂ ಕೊಡುವುದಿಲ್ಲ. ಅದನ್ನು ಕಸಿಯುವುದಾದರೆ ಮಕ್ಕಳ ನಿದ್ದೆಯಿಂದಲೋ ಊಟದಿಂದಲೋ ಕಸಿಯಬೇಕು. ಪ್ರವಾಸದ ಮೂರನೆಯ ದಿನ ತಂದೆ ಗದರುವುದು, ತಾಯಿ ಸುಮ್ಮನಾಗುವುದು, ಚಿಕ್ಕವನು ನಡುರಸ್ತೆಯಲ್ಲಿ ಅಳುತ್ತಾ ಕೂರುವುದು, ಇವೆಲ್ಲ ಹಾಗೆ ಕಸಿದ ಗಂಟೆಗಳ ಬಡ್ಡಿ.

ಗಡಿಯಾರ ಒಂದು, ಸೂರ್ಯ ಇನ್ನೊಂದು

ಎರಡೂವರೆ ಗಂಟೆಯ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಮಕ್ಕಳೇ ಲೆಕ್ಕ ಹಾಕಬಹುದು. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಗಂಟೆಗೆ 15 ಡಿಗ್ರಿ. ಸಿಂಗಪುರ ಇರುವುದು ಸುಮಾರು 103.8 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಅದನ್ನು 15ರಿಂದ ಭಾಗಿಸಿದರೆ ಗ್ರೀನಿಚ್ಚಿಗಿಂತ 6 ಗಂಟೆ 55 ನಿಮಿಷ ಮುಂದೆ ಎಂದಾಯಿತು. ಆದರೆ ಅಲ್ಲಿನ ಗಡಿಯಾರ 8 ಗಂಟೆ ಮುಂದಿದೆ. ನೆರೆಯ ಮಲೇಷ್ಯಾ ತನ್ನ ದೇಶಕ್ಕೆಲ್ಲ ಒಂದೇ ವೇಳೆ ಇಟ್ಟುಕೊಂಡಾಗ ಸಿಂಗಪುರವೂ ಅದನ್ನು ಅನುಸರಿಸಿತು. 1982ರ ಆರಂಭದಲ್ಲಿ ಅಲ್ಲಿಯ ಗಡಿಯಾರಗಳನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಲಾಯಿತು. ಅದರಿಂದ ಸೂರ್ಯ ಅಲ್ಲಿ ಬೆಳಗ್ಗೆ 7ರ ಸುಮಾರಿಗೆ ಹುಟ್ಟಿ, ಸಂಜೆ 7ರ ಸುಮಾರಿಗೆ ಮುಳುಗುತ್ತಾನೆ. ನೆತ್ತಿಗೆ ಬರುವುದು ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ.

ವರ್ಷವಿಡೀ ಹೀಗೆಯೇ. ಸಮಭಾಜಕ ವೃತ್ತದಿಂದ ಆ ಊರು ಸುಮಾರು 140 ಕಿಲೋಮೀಟರ್ ಮಾತ್ರ ದೂರ. ಬೆಂಗಳೂರಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ. ಸಿಂಗಪುರದಲ್ಲಿ ಆ ವ್ಯತ್ಯಾಸ ಹತ್ತು ನಿಮಿಷವನ್ನೂ ಮುಟ್ಟುವುದಿಲ್ಲ.

ಇದರಿಂದ ಪ್ರವಾಸಿಗೇನು ಪ್ರಯೋಜನ? ಇದೆ. ನಮ್ಮ ಮೈಯೊಳಗೂ ಒಂದು ಗಡಿಯಾರವಿದೆ. ಅದು ವಿಮಾನ ಇಳಿದ ಕೂಡಲೇ ತಿರುಗುವುದಿಲ್ಲ. ಹೊಸ ಬೆಳಕಿಗೆ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಂದಿಕೊಳ್ಳುತ್ತದೆ. ಸಿಂಗಪುರದ ಬೆಳಗಿನ 7 ಎಂದರೆ ಮಗುವಿನ ಮೈಗೆ ಇನ್ನೂ ನಾಲ್ಕೂವರೆ. ಆ ಹೊತ್ತಿಗೆ ಎಬ್ಬಿಸಿ ಬಸ್ಸು ಹತ್ತಿಸಿದರೆ ಅರ್ಧ ದಿನ ತೂಕಡಿಕೆ. ಅಲ್ಲಿಯ ರಾತ್ರಿ 9 ಎಂದರೆ ಮೈಗೆ ಸಂಜೆ ಆರೂವರೆ. ಮಕ್ಕಳು ಚೆನ್ನಾಗಿ ಎಚ್ಚರವಾಗಿರುತ್ತಾರೆ. ನಾಲ್ಕು ದಿನದ ಪ್ರವಾಸದಲ್ಲಿ ಈ ಒಳಗಡಿಯಾರದೊಂದಿಗೆ ಜಗಳವಾಡುವುದಕ್ಕಿಂತ ಅದರ ಜೊತೆ ಹೋಗುವುದೇ ಮೇಲು. ಬೆಳಗ್ಗೆ ಒಂಬತ್ತೂವರೆಗೆ ಹೊರಡುವುದು, ಸಂಜೆಯನ್ನು ದೀರ್ಘವಾಗಿ ಬಳಸಿಕೊಳ್ಳುವುದು.

ಮಧ್ಯಾಹ್ನದ ಗುಡುಗು

ಎರಡನೆಯ ಲೆಕ್ಕ ಮಳೆಯದು. ಸಿಂಗಪುರದಲ್ಲಿ ವರ್ಷಕ್ಕೆ ಸುಮಾರು 2,400 ಮಿಲಿಮೀಟರ್ ಮಳೆ. ಬೆಂಗಳೂರಿನ ಎರಡು ಪಟ್ಟಿಗೂ ಹೆಚ್ಚು. ಡಿಸೆಂಬರಿನ ಈಶಾನ್ಯ ಮಾರುತದ ಕಾಲದಲ್ಲಿ ಗಂಟೆಗಟ್ಟಲೆ ಸುರಿಯುವುದುಂಟು. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಮಳೆಗೆ ಒಂದು ವೇಳಾಪಟ್ಟಿ ಇದ್ದಂತೆ ಇರುತ್ತದೆ. ಬೆಳಗಿನ ಬಿಸಿಲಿಗೆ ನೆಲ ಕಾಯುತ್ತದೆ, ತೇವ ತುಂಬಿದ ಗಾಳಿ ಮೇಲಕ್ಕೇಳುತ್ತದೆ, ತಣ್ಣಗಾಗಿ ಮೋಡ ಕಟ್ಟುತ್ತದೆ. ಮಧ್ಯಾಹ್ನದ ಹೊತ್ತಿಗೆ ಗುಡುಗು, ಮಿಂಚು, ಒಂದು ಜೋರು ಮಳೆ. ಸಂಜೆಗೆ ಮತ್ತೆ ತಿಳಿ. ಮಿಂಚು ಅತಿ ಹೆಚ್ಚಾಗಿ ಕಾಣಿಸುವ ನಗರಗಳಲ್ಲಿ ಸಿಂಗಪುರವೂ ಒಂದು. ಆದ್ದರಿಂದ ಮರದಡಿ ನಿಲ್ಲಬಾರದು, ಬಯಲಿನಲ್ಲಿ ಕೊಡೆ ಹಿಡಿದು ನಡೆಯಬಾರದು ಎಂಬ ಪಾಠ ಅಲ್ಲಿ ಪುಸ್ತಕದ ಪಾಠವಾಗಿ ಉಳಿಯುವುದಿಲ್ಲ.

ಹಾಗಾದರೆ ದಿನದ ಕ್ರಮ ತಾನಾಗಿಯೇ ಸಿದ್ಧವಾಯಿತು. ಬಯಲಿನ ಸ್ಥಳಗಳು ಬೆಳಗ್ಗೆ ಅಥವಾ ಸಂಜೆ. ಮಧ್ಯಾಹ್ನಕ್ಕೆ ಸೂರಿನ ಕೆಳಗಿನ ಸ್ಥಳ ಅಥವಾ ನಿದ್ದೆ.

ಆರು ಸ್ಥಳ, ಆರು ಪ್ರಶ್ನೆ

ನಮ್ಮ ಕಲ್ಪನೆಯ ಮನೆಯಲ್ಲಿ ನಾಲ್ವರಿಗೂ ಮತ ಹಾಕುವ ಹಕ್ಕು ಸಿಕ್ಕಿತು. ಒಂದೇ ನಿಯಮ: ಸ್ಥಳದ ಹೆಸರಿನ ಜೊತೆಗೆ ಅಲ್ಲಿ ಉತ್ತರ ಹುಡುಕಬೇಕಾದ ಒಂದು ಪ್ರಶ್ನೆಯನ್ನೂ ಬರೆಯಬೇಕು. ದಾರಿಗೆ ಬುತ್ತಿ ಕಟ್ಟಿಕೊಂಡ ಹಾಗೆ ಪ್ರಶ್ನೆ ಕಟ್ಟಿಕೊಂಡು ಹೋಗಬೇಕು.

ಮೊದಲ ದಿನದ ಸಮಸ್ಯೆ ಬಹಳ ಮಂದಿಗೆ ಹೊಳೆಯುವುದಿಲ್ಲ. ಬೆಳಗ್ಗೆ 6ಕ್ಕೆ ಇಳಿದರೂ ಹೋಟೆಲಿನ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3ಕ್ಕೆ. ಲಗೇಜನ್ನು ಹೋಟೆಲಿನಲ್ಲಿ ಒಪ್ಪಿಸಿ, ಲಿಟ್ಲ್ ಇಂಡಿಯಾದಲ್ಲಿ ಇಡ್ಲಿ, ದೋಸೆ, ಕಾಫಿ ಮುಗಿಸಿ, ಅಲ್ಲಿಂದ ಮೆಟ್ರೊ ರೈಲಿನ ಮೂರನೆಯ ನಿಲ್ದಾಣದಲ್ಲಿ ಇಳಿದರೆ ಸಸ್ಯೋದ್ಯಾನ. 1859ರಲ್ಲಿ ಆರಂಭವಾದ ಈ ತೋಟ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆರ್ಕಿಡ್ ವಿಭಾಗ ಬಿಟ್ಟರೆ ಪ್ರವೇಶಕ್ಕೆ ಹಣವಿಲ್ಲ. ತಾಯಿಯ ಪ್ರಶ್ನೆ: ಬ್ರೆಜಿಲ್ಲಿನ ರಬ್ಬರ್ ಮರ ಏಷ್ಯಾಕ್ಕೆ ಹೇಗೆ ಬಂತು? 1877ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ಸಸಿಗಳು ಬಂದಿಳಿದದ್ದು ಈ ತೋಟಕ್ಕೆ. 1888ರಲ್ಲಿ ಇದರ ನಿರ್ದೇಶಕನಾಗಿ ಬಂದ ಹೆನ್ರಿ ರಿಡ್ಲಿ, ಮರ ಸಾಯದಂತೆ ತೊಗಟೆ ಕೊರೆದು ಹಾಲು ಇಳಿಸುವ ಕ್ರಮವನ್ನು ರೂಪಿಸಿದ. ಇವತ್ತು ಸುಳ್ಯ, ಪುತ್ತೂರಿನ ಕಡೆ ಬೆಳಗಿನ ಜಾವ ರಬ್ಬರ್ ಕೊರೆಯುವ ಕೈಗಳು ಮಾಡುತ್ತಿರುವುದೂ ಅದೇ ಬಗೆಯ ಕೆಲಸ.

ಎರಡನೆಯ ದಿನ ಬೆಳಗ್ಗೆ ಮಂಡಾಯಿಯ ಮೃಗಾಲಯ. ಇದು ಹುಡುಗನ ಆಯ್ಕೆ. 1973ರಲ್ಲಿ ತೆರೆದ ಇಲ್ಲಿ ಬಹಳಷ್ಟು ಪ್ರಾಣಿಗಳಿಗೆ ಕಂಬಿಗಳ ಪಂಜರವಿಲ್ಲ. ಕಂದಕ, ನೀರು, ಗಿಡಗಳೇ ಬೇಲಿ. ಯಾವ ಪ್ರಾಣಿ ಎಷ್ಟು ದೂರ ಹಾರೀತು ಎಂದು ತಿಳಿಯದೆ ಕಂದಕದ ಅಗಲವನ್ನು ನಿರ್ಧರಿಸುವುದು ಹೇಗೆ? ಇದು ಅವನ ಪ್ರಶ್ನೆ. ಮಧ್ಯಾಹ್ನ ವಿಶ್ರಾಂತಿ. ಸಂಜೆ, 2012ರಲ್ಲಿ ತೆರೆದ ‘ಗಾರ್ಡನ್ಸ್ ಬೈ ದ ಬೇ’. ಅಲ್ಲಿರುವ ಉಕ್ಕು, ಕಾಂಕ್ರೀಟಿನ ಕೃತಕ ಮರಗಳು 25ರಿಂದ 50 ಮೀಟರ್ ಎತ್ತರ. ಗಾಜಿನ ಮನೆಗಳಿಗೆ ಟಿಕೆಟ್ಟು ಬೇಕು. ಹೊರಗಿನ ತೋಟಕ್ಕೂ ರಾತ್ರಿಯ ಬೆಳಕಿನ ಪ್ರದರ್ಶನಕ್ಕೂ ಬೇಡ.

ಮೂರನೆಯ ದಿನ ಜುರಾಂಗ್‌ನ ವಿಜ್ಞಾನ ಕೇಂದ್ರ. 1977ರಿಂದ ನಡೆಯುತ್ತಿರುವ ಇದು ಮುಟ್ಟಿ, ತಿರುಗಿಸಿ, ಮಾಡಿ ನೋಡುವ ಜಾಗ. ಮಳೆ ಬಂದರೂ ತೊಂದರೆಯಿಲ್ಲ. ಸಂಜೆ ಮರೀನಾ ಬ್ಯಾರೇಜ್. ಇದು ಮಗಳ ಆಯ್ಕೆ, ಪ್ರಶ್ನೆಯೂ ದೊಡ್ಡದೇ: ದೊಡ್ಡ ನದಿಯಿಲ್ಲದ ಸುಮಾರು 735 ಚದರ ಕಿಲೋಮೀಟರ್‌ನ ದ್ವೀಪದಲ್ಲಿ 60 ಲಕ್ಷ ಜನಕ್ಕೆ ನೀರೆಲ್ಲಿಂದ? ಒಂದಿಷ್ಟು ಮಲೇಷ್ಯಾದಿಂದ ಕೊಳವೆಯಲ್ಲಿ, ಒಂದಿಷ್ಟು ಸಮುದ್ರದ ಉಪ್ಪು ತೆಗೆದು, ಒಂದಿಷ್ಟು ಬಳಸಿದ ನೀರನ್ನೇ ಮತ್ತೆ ಶುದ್ಧಗೊಳಿಸಿ, ಇನ್ನೊಂದಿಷ್ಟು ಮಳೆಯಿಂದ. 2008ರಲ್ಲಿ ಕಟ್ಟಿದ ಈ ಅಡ್ಡಗಟ್ಟೆ ಊರಿನ ನಡುವೆಯೇ ಮಳೆನೀರನ್ನು ಹಿಡಿದಿಟ್ಟು ಸಮುದ್ರದ ನೀರನ್ನು ಹೊರಗಿಡುತ್ತದೆ. ಜೋರು ಮಳೆ ಬಂದಾಗ ಸಮುದ್ರದಲ್ಲಿ ಇಳಿತವಿದ್ದರೆ ಒಂಬತ್ತು ಉಕ್ಕಿನ ಬಾಗಿಲುಗಳನ್ನು ಇಳಿಸಿ ನೀರು ಬಿಡುತ್ತಾರೆ. ಭರತವಿದ್ದರೆ ಬಾಗಿಲು ತೆರೆಯುವಂತಿಲ್ಲ. ಏಳು ಪಂಪುಗಳು ನೀರನ್ನೆತ್ತಿ ಹೊರಹಾಕುತ್ತವೆ. ಸುಮಾರು ನೂರು ಕಿಲೋಮೀಟರ್ ಆಚೆಯ ಕಾವೇರಿಯನ್ನು ನೆಚ್ಚಿಕೊಂಡು, ತನ್ನ ಮೇಲೆ ಸುರಿದ ಮಳೆಯನ್ನು ಚರಂಡಿಗೆ ಬಿಡುವ ಬೆಂಗಳೂರಿನಿಂದ ಬಂದ ಮಕ್ಕಳಿಗೆ ಇಲ್ಲಿ ಮೂರು ಗಂಟೆ ಹೆಚ್ಚಾಗುವುದಿಲ್ಲ. ಮೇಲಿನ ಹುಲ್ಲುಹಾಸಿನಲ್ಲಿ ಊರಿನವರು ಗಾಳಿಪಟ ಹಾರಿಸುತ್ತಿರುತ್ತಾರೆ. ಇದಕ್ಕೂ ಟಿಕೆಟ್ಟಿಲ್ಲ.

ಕೊನೆಯ ದಿನ ಬೆಳಗ್ಗೆ ತಂದೆಯ ಆಯ್ಕೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯ. 1819ರಲ್ಲಿ ರ‍್ಯಾಫಲ್ಸ್ ಬಂದಿಳಿದದ್ದು, 1942ರಿಂದ 45ರವರೆಗಿನ ಜಪಾನೀಯರ ಆಡಳಿತ, 1965ರಲ್ಲಿ ಸ್ವತಂತ್ರ ದೇಶವಾದದ್ದು, ಎಲ್ಲ ಒಂದೇ ಕಡೆ. ಸಿಂಗಪುರ ಎಂಬ ಹೆಸರಿನಲ್ಲಿರುವುದು ನಮ್ಮ ‘ಸಿಂಹಪುರ’ವೇ ಎಂಬುದನ್ನು ಮಕ್ಕಳಿಗೆ ಹೇಳಲು ಅದು ಒಳ್ಳೆಯ ಸಂದರ್ಭ. ಸಂಜೆ ವಿಮಾನ ನಿಲ್ದಾಣಕ್ಕೆ ತುಸು ಬೇಗ ಹೋದರೆ ‘ಜ್ಯುವೆಲ್’ ಕಟ್ಟಡದೊಳಗಿನ 40 ಮೀಟರ್ ಎತ್ತರದ ಜಲಪಾತವನ್ನು ನೋಡಬಹುದು. ಇಳಿದ ದಿನವೇ ನೋಡೋಣವೆಂದರೆ ಬೆಳಗಿನ ಜಾವ ಆ ಜಲಪಾತ ಹರಿಯುತ್ತಿರುವುದಿಲ್ಲ.

ಹುಡುಗನ ಮೊದಲ ಆಯ್ಕೆ ಮೃಗಾಲಯವಾಗಿರಲಿಲ್ಲ. ಸೆಂತೋಸಾ ದ್ವೀಪದ ಯೂನಿವರ್ಸಲ್ ಸ್ಟುಡಿಯೋಸ್ ಆಗಿತ್ತು. ಅದಕ್ಕೆ ಒಂದು ಇಡೀ ದಿನ ಬೇಕು. ಎಂಟು ಗಂಟೆ ಎಂದರೆ ಮೂರು ಸ್ಥಳಗಳು ಹೋದಂತೆ. ಎರಡು ದಿನ ಮುಖ ಊದಿಸಿಕೊಂಡಿದ್ದ. ಆದರೆ 18 ಗಂಟೆಯ ಲೆಕ್ಕ ಅವನ ಕೈಬರಹದಲ್ಲೇ ಇದ್ದದ್ದರಿಂದ ಯಾರ ಮೇಲೂ ದೂರು ಹೇಳುವಂತಿರಲಿಲ್ಲ. ಬೇರೆ ಮನೆಯವರು ಆ ಎಂಟು ಗಂಟೆಯನ್ನೇ ಆರಿಸಿಕೊಂಡು ಉಳಿದ ಮೂರನ್ನು ಬಿಡಬಹುದು. ಅದೂ ತಪ್ಪಲ್ಲ. ತೀರ್ಮಾನ ಮಾತ್ರ ಮನೆಯಲ್ಲೇ, ಮಕ್ಕಳ ಎದುರಿಗೇ ಆಗಬೇಕು. ಟಿಕೆಟ್ಟಿನ ಕಿಟಕಿಯ ಮುಂದೆ ಆಗಬಾರದು.

ಅಜ್ಜಿಯೂ ಸೇರುವ ಪ್ರಯೋಗ

ಅಜ್ಜಿ ಹೋಗುತ್ತಿಲ್ಲ. ಆದರೆ ಅವರಿಲ್ಲದೆ ನಡೆಯದ ಒಂದು ಪ್ರಯೋಗವಿದೆ.

ಏಪ್ರಿಲ್ 15ರ ಸುಮಾರಿಗೆ ಬೆಂಗಳೂರಿನ ತಾರಸಿಯ ಮೇಲೆ 30 ಸೆಂಟಿಮೀಟರ್‌ನ ಅಳತೆಪಟ್ಟಿಯೊಂದನ್ನು ನೆಟ್ಟಗೆ ನಿಲ್ಲಿಸಿ, ಸೂರ್ಯ ಅತಿ ಎತ್ತರದಲ್ಲಿರುವ 12 ಗಂಟೆ 20 ನಿಮಿಷಕ್ಕೆ ಅದರ ನೆರಳನ್ನು ಅಳೆಯಿರಿ. ಸುಮಾರು 1.7 ಸೆಂಟಿಮೀಟರ್, ನೆರಳು ಉತ್ತರಕ್ಕೆ ಬಿದ್ದಿರುತ್ತದೆ. ಅದೇ ದಿನ ಸಿಂಗಪುರದಲ್ಲಿ ಅಲ್ಲಿಯ 1 ಗಂಟೆ 5 ನಿಮಿಷಕ್ಕೆ ಅಷ್ಟೇ ಉದ್ದದ ಪಟ್ಟಿಯನ್ನು ನಿಲ್ಲಿಸಿದರೆ ನೆರಳು ಸುಮಾರು 4.4 ಸೆಂಟಿಮೀಟರ್. ಆದರೆ ಅದು ಬೀಳುವುದು ದಕ್ಷಿಣಕ್ಕೆ! ಆ ದಿನ ಸೂರ್ಯ ನೆತ್ತಿಯ ಮೇಲಿರುವ ಅಕ್ಷಾಂಶ ಎರಡು ಊರುಗಳ ನಡುವೆ ಇರುವುದೇ ಇದಕ್ಕೆ ಕಾರಣ. ಅಜ್ಜಿಗೆ ಸೂರ್ಯ ತುಸು ದಕ್ಷಿಣಕ್ಕೆ, ಮೊಮ್ಮಕ್ಕಳಿಗೆ ತುಸು ಉತ್ತರಕ್ಕೆ.

ಪಟ್ಟಿಯನ್ನೂ ನೆರಳನ್ನೂ ಅಳತೆಗೆ ತಕ್ಕಂತೆ ಕಾಗದದ ಮೇಲೆ ತ್ರಿಕೋನವಾಗಿ ಬರೆದು, ಪಟ್ಟಿಯ ತುದಿಯ ಕೋನವನ್ನು ಕೋನಮಾಪಕದಿಂದ ಅಳೆಯಬಹುದು. ಹತ್ತನೆಯ ತರಗತಿಯ ತ್ರಿಕೋನಮಿತಿ ಬಲ್ಲವರಿಗೆ ಕೋಷ್ಟಕ ಸಾಕು. ಬೆಂಗಳೂರಿನಲ್ಲಿ ಸುಮಾರು 3.3 ಡಿಗ್ರಿ, ಸಿಂಗಪುರದಲ್ಲಿ ಸುಮಾರು 8.4 ಡಿಗ್ರಿ. ನೆರಳುಗಳು ವಿರುದ್ಧ ದಿಕ್ಕಿಗೆ ಇರುವುದರಿಂದ ಎರಡನ್ನೂ ಕೂಡಿಸಬೇಕು: 11.7 ಡಿಗ್ರಿ. ಇದೇ ಎರಡು ಊರುಗಳ ಅಕ್ಷಾಂಶಗಳ ಅಂತರ. ನಕಾಶೆಯಲ್ಲಿ ಉತ್ತರ-ದಕ್ಷಿಣವಾಗಿ ಈ ಅಂತರ ಸುಮಾರು 1,300 ಕಿಲೋಮೀಟರ್. 11.7 ಡಿಗ್ರಿಗೆ 1,300 ಕಿಲೋಮೀಟರ್ ಆದರೆ 360 ಡಿಗ್ರಿಗೆ? ಉತ್ತರ 40,000. ಅದು ಭೂಮಿಯ ಸುತ್ತಳತೆ! ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಎರಡು ಊರುಗಳ ನೆರಳನ್ನು ಹೋಲಿಸಿ ಎರಟೋಸ್ಥೆನಿಸ್ ಮಾಡಿದ್ದು ಇದೇ ಬಗೆಯ ಲೆಕ್ಕ. ಒಂದು ಮಿಲಿಮೀಟರ್ ತಪ್ಪಿದರೂ ಉತ್ತರ ಆಚೀಚೆ ಆಗುತ್ತದೆ. ಮೋಡ ಬಂದರೆ ಮರುದಿನ ಇಬ್ಬರೂ ಮತ್ತೆ ಅಳೆಯಬೇಕು. ನಾಲ್ಕು ದಿನ ಇದ್ದೇ ಇದೆಯಲ್ಲ.

ಕಾಗದಪತ್ರದ ಲೆಕ್ಕ

ಇಷ್ಟೆಲ್ಲ ಯೋಜನೆಯನ್ನು ಕೆಡಿಸಲು ಒಂದು ದಿನಾಂಕ ಸಾಕು. ದೊಡ್ಡವರ ಪಾಸ್‌ಪೋರ್ಟಿನ ಅವಧಿ 10 ವರ್ಷ. ಮಕ್ಕಳದ್ದು ಸಾಮಾನ್ಯವಾಗಿ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು. ಮನೆಯವರೆಲ್ಲರ ಪಾಸ್‌ಪೋರ್ಟನ್ನೂ ಒಟ್ಟಿಗೆ ಮಾಡಿಸಿದ್ದರೂ ಮಕ್ಕಳದ್ದು ಮೊದಲು ಮುಗಿದಿರುತ್ತದೆ. ಸಾಲದ್ದಕ್ಕೆ ಸಿಂಗಪುರಕ್ಕೆ ಹೋಗುವವರ ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಏಪ್ರಿಲ್ ಮಧ್ಯದಲ್ಲಿ ಹೊರಡುವವರಿಗೆ ಸೆಪ್ಟೆಂಬರಿನಲ್ಲಿ ಮುಗಿಯುವ ಪಾಸ್‌ಪೋರ್ಟು ಉಪಯೋಗಕ್ಕೆ ಬಾರದು. ಟಿಕೆಟ್ಟು ಕೊಳ್ಳುವ ಮುಂಚೆ ನಾಲ್ಕನ್ನೂ ತೆರೆದು ನೋಡಬೇಕಾದದ್ದು ಈ ದಿನಾಂಕ.

ನಮ್ಮ ಕಡೆಯ ಇನ್ನೊಂದು ತೊಡಕು ಇನಿಷಿಯಲ್. ಶಾಲೆಯ ದಾಖಲೆಯಲ್ಲಿ ಹೆಸರಿನ ಹಿಂದೆ ಮುಂದೆ ಒಂದೆರಡು ಅಕ್ಷರ ಮಾತ್ರ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿದ ಪೂರ್ಣ ಹೆಸರು. ವಿಮಾನದ ಟಿಕೆಟ್ಟಿನಲ್ಲಿ ಇರಬೇಕಾದದ್ದು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಅಕ್ಷರವೂ ಬದಲಾಗದಂತೆ. ಭಾರತೀಯರಿಗೆ ಮೊದಲೇ ವೀಸಾ ಬೇಕು. ಪ್ರವಾಸಿಗರು ಅದನ್ನು ಸಾಮಾನ್ಯವಾಗಿ ಅಧಿಕೃತ ಏಜೆಂಟರ ಮೂಲಕ ಪಡೆಯುತ್ತಾರೆ. ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ‘ಆಗಮನ ಪತ್ರ’ವನ್ನು ಇಂಟರ್‌ನೆಟ್ಟಿನಲ್ಲಿ ತುಂಬಬೇಕು. ಅದು ಉಚಿತ, ಅದಕ್ಕೆ ಹಣ ಕೇಳುವವರನ್ನು ನಂಬಬೇಡಿ.

ಚೀಲ ತುಂಬುವಾಗಲೂ ಜಾಗ್ರತೆ ಬೇಕು. ಅಡುಗೆಮನೆಯ ಡಬ್ಬಿಯಲ್ಲಿರುವ ಗಸಗಸೆ ಅಲ್ಲಿ ನಿಷೇಧಿತ ವಸ್ತು. ಪಾಯಸದ ಆಸೆಗೆ ಚಿಟಿಕೆಯನ್ನೂ ಒಯ್ಯಬಾರದು. 1992ರಿಂದ ಚ್ಯೂಯಿಂಗ್ ಗಮ್ ತರುವುದಕ್ಕೂ ನಿಷೇಧವಿದೆ. ಮಾತ್ರೆ, ಔಷಧಿಗಳ ಜೊತೆ ವೈದ್ಯರ ಚೀಟಿ ಇರಲಿ. ಮೆಟ್ರೊ ರೈಲಿನಲ್ಲಿ ಏನನ್ನೂ ತಿನ್ನುವ, ಕುಡಿಯುವ ಹಾಗಿಲ್ಲ. ದಂಡ 500 ಡಾಲರ್‌ವರೆಗೆ. ಸಿಂಗಪುರದ ಡಾಲರಿಗೆ ಈಚೆಗೆ 60 ರೂಪಾಯಿಗಿಂತ ಹೆಚ್ಚು ಬೆಲೆ ಎಂಬುದನ್ನು ಹುಡುಗರು ಗುಣಿಸಿ ನೋಡಿಕೊಳ್ಳಲಿ. ನಲ್ಲಿಯ ನೀರನ್ನು ನೇರವಾಗಿ ಕುಡಿಯಬಹುದು. ನಾಲ್ಕು ಬಾಟಲಿ ಒಯ್ದರೆ ದಿನಕ್ಕೆ ಒಂದಿಷ್ಟು ಡಾಲರ್ ಉಳಿತಾಯ. ಸಸ್ಯಾಹಾರಿಗಳು ‘ತರಕಾರಿ’ ಎಂಬ ಹೆಸರು ನೋಡಿ ನಂಬದೆ, ಸಿಗಡಿ ಪುಡಿ, ಮೀನಿನ ರಸ ಹಾಕಿದ್ದೀರಾ ಎಂದು ಕೇಳುವುದು ಒಳ್ಳೆಯದು. ಪ್ರಯಾಣ ವಿಮೆಯನ್ನು ಮರೆಯಬಾರದು. ಅಲ್ಲಿಯ ಆಸ್ಪತ್ರೆಯ ಒಂದು ಬಿಲ್ಲು ಇಡೀ ಪ್ರವಾಸದ ಖರ್ಚನ್ನು ಮೀರಬಹುದು.

ಮಕ್ಕಳಿಗೆ ಕಲಿಸಿ ಒಯ್ಯಬೇಕಾದ ನಿಯಮ ಇನ್ನೊಂದಿದೆ. ರೈಲಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಪ್ಪ ಅಮ್ಮ ಹೊರಗುಳಿದು ಮಗು ಒಳಗೆ ಸಿಕ್ಕಿಕೊಂಡರೆ ಏನು ಮಾಡಬೇಕು? ಮುಂದಿನ ನಿಲ್ದಾಣದಲ್ಲಿ ಇಳಿದು, ಇಳಿದ ಜಾಗದಲ್ಲೇ ನಿಲ್ಲಬೇಕು. ದೊಡ್ಡವರು ಮುಂದಿನ ರೈಲಿನಲ್ಲಿ ಅಲ್ಲಿಗೆ ಬರುತ್ತಾರೆ. ಮಗು ಹಿಂತಿರುಗುವ ರೈಲು ಹತ್ತಬಾರದು. ಈ ಒಂದು ಮಾತನ್ನು ಮನೆಯಲ್ಲೇ ನಾಲ್ಕು ಸಲ ಹೇಳಿಸಿದರೆ ಅಲ್ಲಿ ನಾಲ್ಕು ಗಂಟೆಯ ಕಣ್ಣೀರು ಉಳಿಯುತ್ತದೆ. ಹೋಟೆಲಿನ ಹೆಸರು, ವಿಳಾಸ ಬರೆದ ಚೀಟಿ ಇಬ್ಬರ ಜೇಬಿನಲ್ಲೂ ಇರಲಿ. ಪೊಲೀಸರಿಗೆ 999, ಆಂಬುಲೆನ್ಸಿಗೆ 995.

ಯಾರಿಗೆ ಈ ಲೆಕ್ಕ?

ಇಷ್ಟು ಓದಿದ ಕೆಲವು ತಂದೆ ತಾಯಂದಿರಿಗೆ ಮನಸ್ಸು ಭಾರವಾಗಿರಬಹುದು. ಮಗನ ಗೆಳೆಯರೆಲ್ಲ ವಿಮಾನ ಹತ್ತುತ್ತಿದ್ದಾರೆ, ತಮ್ಮಿಂದ ಅದು ಆಗುತ್ತಿಲ್ಲ ಎಂದು. ಸಾಲ ಮಾಡಿ ಹೋಗುವ ಪ್ರವಾಸವಲ್ಲ ಇದು. ಮರುವರ್ಷ ಮಗಳ ಕಾಲೇಜಿಗೆ ಬೇಕಾದ ದುಡ್ಡನ್ನು ಈ ವರ್ಷದ ನಾಲ್ಕು ದಿನಕ್ಕೆ ಹಾಕುವುದು ಯಾವ ಲೆಕ್ಕದಲ್ಲೂ ಸರಿಹೋಗದು. ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂದ ಹಿರಿಯರು ಎಷ್ಟು ದೂರದ ದೇಶ ಎಂದು ಹೇಳಿಲ್ಲ. ಎರಡು ದಿನದ ಮೈಸೂರಿಗೂ ಇದೇ ಕಳೆಯುವ ಲೆಕ್ಕ ಹಾಕಬಹುದು. ಶನಿವಾರ ಬೆಳಗ್ಗೆ ಇಳಿದು ಭಾನುವಾರ ಸಂಜೆ ಹೊರಟರೆ ನಿಜಕ್ಕೂ ನೋಡಲು ಸಿಗುವ ಗಂಟೆಗಳೆಷ್ಟು? ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ರೈಲು ವಸ್ತುಸಂಗ್ರಹಾಲಯ, ಕೆ.ಆರ್.ಎಸ್. ಇವುಗಳಲ್ಲಿ ಯಾವುದನ್ನು ಬಿಡಬೇಕು? ಉಳಿದವುಗಳಿಗೆ ಯಾವ ಪ್ರಶ್ನೆ ಕಟ್ಟಿಕೊಂಡು ಹೋಗಬೇಕು? ಈ ರಜೆಯಲ್ಲಿ ಮಕ್ಕಳು ಮಾಡಿ ನೋಡಬಹುದಾದ ಲೆಕ್ಕ ಇದು.

ನಮ್ಮ ಕಲ್ಪನೆಯ ಮನೆಯಲ್ಲಿ ಆ ಪ್ರಶ್ನೆಪತ್ರಿಕೆಯ ಹಿಂಬದಿ ಈಗ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿದೆ. 86ರಿಂದ 18ಕ್ಕೆ ಇಳಿದ ಅಂಕಿಗಳು, ಕೆಳಗೆ ಆರು ಹೆಸರು, ಆರು ಪ್ರಶ್ನೆ. ಪ್ರವಾಸ ಸಂಸ್ಥೆಯ ಬಣ್ಣದ ಹಾಳೆ ಹುಡುಗನ ಪುಸ್ತಕಕ್ಕೆ ರಟ್ಟಾಗಿದೆ. ತಾರಸಿಯ ಮೇಲೆ ಅಜ್ಜಿ ಆಗಲೇ ಒಮ್ಮೆ ಅಳತೆಪಟ್ಟಿ ನಿಲ್ಲಿಸಿ ನೋಡಿ ಬಂದಿದ್ದಾರೆ.

“ಲೋ ಪುಟ್ಟಾ, ಹನ್ನೆರಡು ಇಪ್ಪತ್ತು ಅಂದೆಯಲ್ಲ, ಗೋಡೆ ಗಡಿಯಾರ ಐದು ನಿಮಿಷ ಮುಂದಿದೆ ಕಣೋ. ಮೊದಲು ಅದನ್ನ ಸರಿ ಮಾಡಿಟ್ಟು ಹೋಗು” ಎಂದರು.